ಔಷಧದಾನದ ಇನ್ನೊಂದು ಮುಖ
(ಬೌದ್ಧಿಕ ವೈಕಲ್ಯವುಳ್ಳವರು ಇರುವ ಶ್ರಾವಕಗೃಹಗಳಿಗೆ ಒಂದು ಪಾಠ)

ಶ್ರಾವಕನು ಮಾಡತಕ್ಕ ದಾನಗಳು ನಾಲ್ಕು: ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯದ ನಾಲ್ಕು ಭೇದಗಳನ್ನು ಎಣಿಸುವಾಗ ಆಹಾರದ ಬಳಿಕ ಔಷಧವನ್ನೇ ಹೇಳಿ, ವೃಷಭಸೇನೆಯನ್ನು ಅದಕ್ಕೆ ದೃಷ್ಟಾಂತವಾಗಿ ಹೆಸರಿಸಿದ್ದಾರೆ. ನಮ್ಮ ಪಾಠಶಾಲೆಯ ಮಕ್ಕಳು ಈ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಔಷಧದಾನವೆಂದರೆ ಮುನಿಸಂಘಕ್ಕೆ ಯೋಗ್ಯವಾದ ಔಷಧವನ್ನು ಒದಗಿಸುವುದು, ಬಡ ರೋಗಿಗಳಿಗೆ ಧನಸಹಾಯ ಮಾಡುವುದು ಎಂಬಷ್ಟಕ್ಕೇ ನಮ್ಮ ವಿಚಾರವು ನಿಂತುಬಿಡುತ್ತದೆ. ಮನೆಯೊಳಗೇ ಪ್ರತಿದಿನ ಎರಡು ಮೂರು ಬಾರಿ ನಡೆಯುವ ಔಷಧದಾನವೊಂದುಂಟು. ಹುಟ್ಟಿನಿಂದಲೋ ಬಾಲ್ಯದಿಂದಲೋ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನಿಗೆ, ಮಗಳಿಗೆ, ತಮ್ಮನಿಗೆ, ತಂಗಿಗೆ ಮನೆಯವರು ಕೊಡುವ ಮಾತ್ರೆ ಅದು. ಈ ಪಾಠವು ಅದನ್ನು ಕುರಿತದ್ದು.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಪದ್ಧತಿ ಯಾವುದು? ತಾಯಿಯು ಮಾತ್ರೆಯನ್ನು ಬಿಡಿಸಿ ಬಾಯಿಗೆ ಹಾಕುತ್ತಾಳೆ, ಮಗನು ನುಂಗುತ್ತಾನೆ. ಮಾತ್ರೆ ಯಾವುದು, ಏತಕ್ಕೆ, ಎಷ್ಟು ಎಂಬುದು ಅವನಿಗೆ ತಿಳಿಯದು. ತಿಳಿಸಬೇಕೆಂದು ಯಾರಿಗೂ ತೋರಿಲ್ಲ. ಇಪ್ಪತ್ತು ಮೂವತ್ತು ವರ್ಷ ಹೀಗೆಯೇ ನಡೆಯುತ್ತದೆ. ತಾಯಿಯ ಈ ಸೇವೆ ದೊಡ್ಡದು. ಅದನ್ನು ಕಡಿಮೆಯೆಂದು ಹೇಳುವವರು ಯಾರೂ ಇಲ್ಲ. ಆದರೆ ತಾಯಿಯು ಹಾಸಿಗೆ ಹಿಡಿದ ದಿನ, ಪರ್ವದ ದಿನ ಬಸದಿಯಿಂದ ಹಿಂತಿರುಗಲು ತಡವಾದ ದಿನ, ಕೊನೆಗೆ ಆಕೆಯೇ ಇಲ್ಲವಾದ ದಿನ, ಆ ಮಗನ ಗತಿಯೇನು? ಬಾಯಿಗೆ ಹಾಕುವುದು ಒಂದು ದಾನ. ಕಂಡು, ತಿಳಿದು, ತನ್ನ ಕೈಯಿಂದಲೇ ಸರಿಯಾಗಿ ತೆಗೆದುಕೊಳ್ಳುವಂತೆ ಅಭ್ಯಾಸ ಮಾಡಿಸುವುದು ಅದಕ್ಕಿಂತ ದೊಡ್ಡ ದಾನ. ಅದರಲ್ಲಿ ಔಷಧದಾನದೊಡನೆ ಜ್ಞಾನದಾನವೂ ಅಭಯದಾನವೂ ಸೇರಿಕೊಂಡಿವೆ.

ಇದು ಯಾರ ವಿಷಯ?

ಹಿಂದೆ ಬುದ್ಧಿಮಾಂದ್ಯರೆಂಬ ಒಂದೇ ಮಾತಿನಿಂದ ಇವರೆಲ್ಲರನ್ನೂ ಕರೆಯುತ್ತಿದ್ದರು. ೨೦೧೬ನೆಯ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇವು ಅದರಲ್ಲಿ ಬೇರೆಬೇರೆಯಾಗಿ ಬಂದಿವೆ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯು ಬೌದ್ಧಿಕ ವೈಕಲ್ಯಕ್ಕೆ ಒಂದು ಮುಖ್ಯ ಕಾರಣ. ಇವು ಔಷಧದಿಂದ ವಾಸಿಯಾಗತಕ್ಕ ರೋಗಗಳಲ್ಲ. ಆದರೆ ಇವುಗಳ ಜೊತೆಯಲ್ಲಿ ಬರುವ ರೋಗಗಳಿಗೆ ನಿತ್ಯವೂ ಔಷಧ ಬೇಕಾಗುತ್ತದೆ. ಮೂರ್ಛೆರೋಗವು, ಎಂದರೆ ಫಿಟ್ಸ್, ಇತರರಿಗಿಂತ ಇವರಲ್ಲಿ ಬಹಳ ಹೆಚ್ಚು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ ಅನೇಕರಿಗೆ ಇರುತ್ತದೆ. ಕೆಲವರಿಗೆ ಮನಸ್ಸಿನ ಉದ್ವೇಗಕ್ಕೂ ನಿದ್ರೆಗೂ ಮಾತ್ರೆಗಳಿರುತ್ತವೆ. ವಯಸ್ಸಾದಂತೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಸೇರುತ್ತವೆ.

ಇಂಥವರನ್ನು ಕಂಡು ಪೂರ್ವಜನ್ಮದ ಪಾಪವೆಂದು ಅವರೆದುರಿಗೇ ಆಡುವವರುಂಟು. ಕರ್ಮಸಿದ್ಧಾಂತವಿರುವುದು ತನ್ನ ಪರಿಣಾಮಗಳನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ. ಇನ್ನೊಬ್ಬನತ್ತ ಬೆರಳು ತೋರುವುದಕ್ಕಲ್ಲ. ಜ್ಞಾನಾವರಣದ ಕ್ಷಯೋಪಶಮವು ಜೀವದಿಂದ ಜೀವಕ್ಕೆ ಹೆಚ್ಚುಕಡಿಮೆಯಾಗಿರುವುದು ನಮ್ಮೆಲ್ಲರ ಸ್ಥಿತಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರೋಗಗ್ರಸ್ತ ಶರೀರವನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿಯಿಡುವುದೇ ಅದು; ಅದಕ್ಕೆ ಉದ್ದಾಯನ ರಾಜನು ದೃಷ್ಟಾಂತ. ಜೊಲ್ಲು ಸುರಿಸುವ ಮಗನ ಬಾಯನ್ನು ಒರೆಸುವ ತಾಯಿಯು ಪ್ರತಿದಿನವೂ ಆ ಅಂಗವನ್ನು ಪಾಲಿಸುತ್ತಿದ್ದಾಳೆ.

ಶಾಸ್ತ್ರದಲ್ಲಿ ಇದಕ್ಕೆ ಆಧಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮತ್ತಯೋಗವನ್ನು ಮೊದಲು ಇಟ್ಟಿದ್ದಾರೆ. ಎಚ್ಚರಗೇಡಿತನವೇ ಹಿಂಸೆಯ ಮೂಲ. ತಪ್ಪು ಮಾತ್ರೆಯನ್ನು ದ್ವೇಷದಿಂದ ಕೊಡುವವರು ಯಾರೂ ಇಲ್ಲ. ಅದು ನಡೆಯುವುದೆಲ್ಲ ಪ್ರಮಾದದಿಂದಲೇ. ಆದುದರಿಂದ ಔಷಧದ ವಿಷಯದಲ್ಲಿ ಎಚ್ಚರವೇ ಅಹಿಂಸೆ.

ಅದೇ ಅಧ್ಯಾಯದಲ್ಲಿ ಅಹಿಂಸಾವ್ರತದ ಸ್ಥಿರತೆಗಾಗಿ ಐದು ಭಾವನೆಗಳು ಹೇಳಲ್ಪಟ್ಟಿವೆ: ವಾಗ್ಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನನಿಕ್ಷೇಪಣಸಮಿತಿ, ಆಲೋಕಿತಪಾನಭೋಜನ. ಇವುಗಳಲ್ಲಿ ಕೊನೆಯ ಎರಡು ನಮ್ಮ ಪಾಠಕ್ಕೆ ನೇರವಾಗಿ ಸಂಬಂಧಿಸಿವೆ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ. ಬೆಳಕಿನಲ್ಲಿ ಕಣ್ಣಾರೆ ಕಂಡು ಅನ್ನಪಾನಗಳನ್ನು ಸ್ವೀಕರಿಸುವುದು ಆಲೋಕಿತಪಾನಭೋಜನ. ಅನ್ನದಲ್ಲಿ ಕೂದಲಿದೆಯೇ, ನೀರಿನಲ್ಲಿ ಹುಳುವಿದೆಯೇ ಎಂದು ನೋಡುವ ನಾವು, ಅನ್ನಕ್ಕಿಂತ ನೂರು ಪಾಲು ತೀಕ್ಷ್ಣವಾದ ಮಾತ್ರೆಯನ್ನು ನೋಡದೆ ನುಂಗಬಹುದೇ? ನಮ್ಮ ಮಗನಿಗೆ ಮಾತ್ರೆಯನ್ನು ಗುರುತಿಸಲು ಕಲಿಸುವುದು ಹೊಸದಾಗಿ ಬಂದ ಪದ್ಧತಿಯೇನಲ್ಲ. ಆಲೋಕಿತಪಾನಭೋಜನವನ್ನು ಅವನಿಗೂ ಕಲಿಸಿದಂತೆ ಅಷ್ಟೆ.

ಇನ್ನು ಅಹಿಂಸಾಣುವ್ರತದ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತನ್ನ ಅಧೀನದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದು ಕೊನೆಯದು. ಹೊರಲಾರದಷ್ಟು ಹೊರಿಸುವುದು ಅದರ ಹಿಂದಿನದು. ಉಪವಾಸದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲವೆಂದು ಬೌದ್ಧಿಕ ವೈಕಲ್ಯವುಳ್ಳ ಮಗಳಿಗೆ ಊಟವೂ ಮಾತ್ರೆಯೂ ತಪ್ಪಿದರೆ, ನಾವು ಆಚರಿಸಿದ್ದು ವ್ರತವೋ, ಅತಿಚಾರವೋ? ಪ್ರತಿಯೊಬ್ಬರೂ ಆಲೋಚಿಸತಕ್ಕ ಪ್ರಶ್ನೆಯಿದು.

ವ್ರತದ ದಿನಗಳಲ್ಲಿ ಔಷಧ

ಅಷ್ಟಮಿ ಚತುರ್ದಶಿಗಳು, ಮೂರು ಅಷ್ಟಾಹ್ನಿಕಗಳು, ಭಾದ್ರಪದದ ದಶಲಕ್ಷಣ ಪರ್ವ, ಅನಂತ ಚತುರ್ದಶಿ, ಮನೆಯ ಸ್ತ್ರೀಯರು ಹಿಡಿದ ನೋಂಪಿಗಳು ಎಂದು ವರ್ಷದಲ್ಲಿ ವ್ರತದಿನಗಳು ಬಹಳ. ಆ ದಿನಗಳಲ್ಲಿ ಮನೆಯ ನಿತ್ಯಕ್ರಮ ಬದಲಾಗುತ್ತದೆ. ಬುದ್ಧಿಯ ನ್ಯೂನತೆಯುಳ್ಳವರಿಗೆ ನಿತ್ಯಕ್ರಮವೇ ಗಡಿಯಾರ. ಅದು ತಪ್ಪಿದರೆ ಔಷಧವೂ ತಪ್ಪುತ್ತದೆ. ಆದುದರಿಂದ ಈ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು.

ಮೂರ್ಛೆರೋಗದ ಔಷಧವನ್ನು ಯಾವ ವ್ರತಕ್ಕಾಗಿಯೂ ಒಂದು ಹೊತ್ತು ಸಹ ಬಿಡಬಾರದು. ಸೋಡಿಯಂ ವಾಲ್ಪ್ರೊಯೇಟ್, ಕಾರ್ಬಮಾಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್, ಲೆವೆಟಿರಾಸಿಟಾಮ್ ಮುಂತಾದವು ರಕ್ತದಲ್ಲಿ ಒಂದು ಪ್ರಮಾಣದಲ್ಲಿ ನಿಂತಿರುವಷ್ಟು ಕಾಲ ಮಾತ್ರ ರಕ್ಷಿಸುತ್ತವೆ. ಥಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಮೂರ್ಛೆ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ವರ್ಷಗಳಿಂದ ಮೂರ್ಛೆ ಬಂದಿಲ್ಲವೆಂಬುದು ಔಷಧ ಕೆಲಸ ಮಾಡುತ್ತಿದೆಯೆಂಬುದರ ಗುರುತು. ಔಷಧ ಬೇಡವೆಂಬುದರ ಗುರುತಲ್ಲ.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ತಿನ್ನಬಾರದು. ಸುಣ್ಣಾಂಶದ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರವಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನಾಗಲಿ ಕೆಲವು ಬಗೆಯ ಮಾತ್ರೆಗಳಾಗಲಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ತನಗೆ ಏನಾಗುತ್ತಿದೆಯೆಂದು ಹೇಳಲಾರದವನಲ್ಲಿ ಇದು ಇನ್ನೂ ಅಪಾಯಕರ. ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರು ನೀರು ಬಿಟ್ಟರೂ ಉಪ್ಪು ಬಿಟ್ಟರೂ ಅದು ರಕ್ತದಲ್ಲಿ ಹೆಚ್ಚಿ ವಿಷವಾಗುತ್ತದೆ. ನಿರ್ಜಲ ಉಪವಾಸವೂ ಲವಣರಸತ್ಯಾಗವೂ ಅವರಿಗೆ ಸಲ್ಲವು.

ರಾತ್ರಿಭುಕ್ತಿತ್ಯಾಗದ ಪ್ರಶ್ನೆ ಬೇರೆ. ಬೆಂಗಳೂರಿನಲ್ಲಿ ಜುಲೈ ತಿಂಗಳಿನಲ್ಲಿ ಸೂರ್ಯಾಸ್ತವು ೬-೪೫ರ ಮೇಲಾಗುತ್ತದೆ. ನವೆಂಬರ್ ತಿಂಗಳಿನಲ್ಲಿ ೬ ಗಂಟೆಗೆ ಮೊದಲೇ ಆಗುತ್ತದೆ. ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮೊದಲು ಎರಡು ಘಳಿಗೆ ಬಿಡುವ ಮನೆಗಳಲ್ಲಿ ಚಳಿಗಾಲದ ಹಗಲು ಸುಮಾರು ೧೦ ಗಂಟೆಗಳಷ್ಟೇ ಉಳಿದು, ರಾತ್ರಿಯ ಅಂತರವು ೧೪ ಗಂಟೆಗಳಾಗುತ್ತದೆ. ೧೨ ಗಂಟೆಗೊಮ್ಮೆ ಕೊಡಬೇಕಾದ ಔಷಧಕ್ಕೆ ಇದು ಹೊಂದುವುದೇ? ಇದನ್ನು ನಿರ್ಣಯಿಸತಕ್ಕವರು ವೈದ್ಯರು. ನಮ್ಮ ನಿಯಮವನ್ನು ಸಂಕೋಚಪಡದೆ ಅವರಿಗೆ ತಿಳಿಸಿದರೆ, ದಿನಕ್ಕೆ ಮೂರು ಬಾರಿಯ ಔಷಧವನ್ನು ನಿಧಾನವಾಗಿ ಕರಗುವ ಬಗೆಗೆ ಬದಲಾಯಿಸಿ ಎರಡು ಬಾರಿಗೆ ತರಬಹುದೇ ಎಂದು ಅವರು ನೋಡುತ್ತಾರೆ. ನಿದ್ರೆಯ ಮಾತ್ರೆಯನ್ನು ಹೊತ್ತಿಳಿಯುವ ಮೊದಲೇ ಕೊಟ್ಟು ಸಂಜೆಯೇ ತೂಕಡಿಸುವಂತೆ ಮಾಡುವುದೂ ಅವರನ್ನು ಕೇಳದೆ ಆಗಬಾರದು. ಹೊಂದದಿದ್ದರೆ, ಔಷಧ ಮತ್ತು ಅದಕ್ಕೆ ಬೇಕಾದ ನೀರನ್ನು ಹೊರತುಪಡಿಸಿ ನಿಯಮ ಮಾಡಿಕೊಳ್ಳುವ ರೂಢಿಯು ಶ್ರಾವಕರಲ್ಲಿ ಇದ್ದೇ ಇದೆ. ಷೋಡಶಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ಶಕ್ತಿತಃ ಎಂಬ ವಿಶೇಷಣ ಸೇರಿರುವುದು ವ್ಯರ್ಥವಾಗಿ ಅಲ್ಲ.

ಕ್ಯಾಪ್ಸೂಲುಗಳ ವಿಷಯವನ್ನೂ ಹೇಳಬೇಕು. ಅವುಗಳ ಹೊರಗವಚವಾದ ಜಿಲೆಟಿನ್ ಸಾಮಾನ್ಯವಾಗಿ ಪ್ರಾಣಿಗಳ ಎಲುಬು ಚರ್ಮಗಳಿಂದ ಆಗುತ್ತದೆ. ಇದನ್ನರಿತ ಕೆಲವರು ಕ್ಯಾಪ್ಸೂಲನ್ನು ಬಿಚ್ಚಿ ಒಳಗಿನ ಪುಡಿಯನ್ನು ಮಾತ್ರ ಕೊಡುತ್ತಾರೆ. ಉದ್ದೇಶ ಒಳ್ಳೆಯದಾದರೂ ಕೆಲಸ ಅಪಾಯಕರ. ಇಡೀ ದಿನ ಮೆಲ್ಲಮೆಲ್ಲನೆ ಬಿಡುಗಡೆಯಾಗಬೇಕಾದ ಔಷಧವು ಒಮ್ಮೆಲೇ ರಕ್ತವನ್ನು ಸೇರಬಹುದು. ಅದೇ ಔಷಧವು ಮಾತ್ರೆಯಾಗಿಯೋ ದ್ರವವಾಗಿಯೋ ಸಸ್ಯಜನ್ಯ ಕವಚದಲ್ಲಿಯೋ ದೊರೆಯುವುದೇ ಎಂದು ಕೇಳುವುದು ಸರಿಯಾದ ದಾರಿ. ಮದ್ಯ ಮಾಂಸ ಮಧುಗಳಿಲ್ಲದೆ ಚಿಕಿತ್ಸೆ ಮಾಡುವ ಕ್ರಮವನ್ನು ಒಂಬತ್ತನೆಯ ಶತಮಾನದಲ್ಲಿಯೇ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ವೈದ್ಯಶಾಸ್ತ್ರವನ್ನು ಬಿಟ್ಟು ಅಲ್ಲ, ಅದರೊಳಗೇ ನಿಂತು ದಾರಿ ಹುಡುಕಿದರು ಎಂಬುದನ್ನು ನಾವು ಮರೆಯಬಾರದು.

ಕಲಿಸುವ ಕ್ರಮ

೨೪ ವರ್ಷದ ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ಅವನಿಗೆ ಓದು ಬಾರದು. ಬಣ್ಣಗಳು ಗೊತ್ತು, ಐದರವರೆಗೆ ಎಣಿಕೆ ಗೊತ್ತು. ಬೆಳಿಗ್ಗೆ ಎದ್ದೊಡನೆ ಒಂದು ಥೈರಾಯ್ಡ್ ಮಾತ್ರೆ. ಉಪಾಹಾರದ ಬಳಿಕ ಒಂದು, ಸಂಜೆಯ ಊಟದ ಬಳಿಕ ಒಂದು ಮೂರ್ಛೆಯ ಮಾತ್ರೆ. ಇಷ್ಟು ತಿಳಿದವನು ಕಲಿಯಬಲ್ಲ. ಓದು ಬಾರದವನಿಗೆ ಔಷಧ ತಿಳಿಯದೆಂಬುದು ತಪ್ಪು ಭಾವನೆ.

ಮೊದಲು ಕೆಲಸವನ್ನು ಸಣ್ಣಸಣ್ಣ ಮೆಟ್ಟಿಲುಗಳಾಗಿ ಬಿಡಿಸಿಕೊಳ್ಳಬೇಕು.

೧. ಗಡಿಯಾರದ ಗಂಟೆ ಬಾರಿಸಿದೊಡನೆ ಕೈ ತೊಳೆಯುವುದು.
೨. ಸೋಸಿದ ನೀರನ್ನು ಒಂದು ಲೋಟ ತಂದು, ಬೆಳಕಿರುವೆಡೆ ನೆಟ್ಟಗೆ ಕುಳಿತುಕೊಳ್ಳುವುದು.
೩. ವಾರದ ಡಬ್ಬಿಯಲ್ಲಿ ಈ ದಿನದ, ಈ ಹೊತ್ತಿನ ಅಂಕಣವನ್ನು ಮಾತ್ರ ತೆರೆಯುವುದು.
೪. ಒಳಗಿರುವ ಮಾತ್ರೆಯನ್ನು ಪಟದ ಮೇಲಿನ ಚಿತ್ರದೊಡನೆ ಹೋಲಿಸಿ ನೋಡುವುದು, ಎಷ್ಟಿವೆಯೆಂದು ಎಣಿಸುವುದು.
೫. ಒಂದೊಂದಾಗಿ ಬಾಯಿಗೆ ಹಾಕಿ ನೀರಿನೊಡನೆ ನುಂಗುವುದು.
೬. ಪಟದ ಮೇಲೆ ಗುರುತು ಹಾಕಿ ಡಬ್ಬಿಯನ್ನು ಅದರ ಸ್ಥಳದಲ್ಲಿಡುವುದು.

ಪಟವೆಂದರೆ ಗೋಡೆಯ ಮೇಲೆ ಅಂಟಿಸಿದ ಒಂದು ಹಾಳೆ. ಬೆಳಗಿನ ಸಾಲಿಗೆ ಉದಯಿಸುವ ಸೂರ್ಯನ ಚಿತ್ರ, ಉಪಾಹಾರಕ್ಕೆ ತಟ್ಟೆಯ ಚಿತ್ರ, ಸಂಜೆಗೆ ಮುಳುಗುವ ಸೂರ್ಯನ ಚಿತ್ರ. ಪ್ರತಿಯೊಂದರ ಮುಂದೆ ಮಾತ್ರೆಯ ಬಣ್ಣದ ಛಾಯಾಚಿತ್ರ. ಡಬ್ಬಿಯ ಮುಚ್ಚಳಗಳ ಮೇಲೂ ಅವೇ ಚಿತ್ರಗಳಿರಲಿ. ಡಬ್ಬಿಯನ್ನು ವಾರಕ್ಕೊಮ್ಮೆ ಮನೆಯ ಹಿರಿಯರು ತುಂಬಿ, ಇನ್ನೊಬ್ಬರು ವೈದ್ಯರ ಚೀಟಿಯನ್ನು ಹಿಡಿದು ಸರಿನೋಡತಕ್ಕದ್ದು. ಉಪವಾಸ ಮಾಡುವವರು ತುಂಬುವುದಾದರೆ ಧಾರಣೆಯ ದಿನವೇ ತುಂಬಿಡಲಿ. ಉಪವಾಸದ ದಿನ ತಲೆ ಸುತ್ತುವಾಗ ತುಂಬಬಾರದು. ಕೆಲವು ಮಾತ್ರೆಗಳು ತೇವವನ್ನು ಹೀರುತ್ತವೆ, ಸೋಡಿಯಂ ವಾಲ್ಪ್ರೊಯೇಟ್ ಅಂಥದು. ಅವನ್ನು ನುಂಗುವ ಹೊತ್ತಿನವರೆಗೂ ಹಾಳೆಯಿಂದ ಬಿಡಿಸಬಾರದು. ಆಗ ಹಾಳೆಯನ್ನು ಬಿಡಿಸಿ ಎಸೆಯುವುದೂ ಒಂದು ಮೆಟ್ಟಿಲಾಗಿ ಕಲಿಸಲ್ಪಡಬೇಕು. ಹಾಳೆಯ ಸಮೇತ ನುಂಗಿದರೆ ಗಂಟಲಿಗೂ ಕರುಳಿಗೂ ಗಾಯವಾಗುತ್ತದೆ.

ಕಲಿಸುವಾಗ ಕೊನೆಯ ಮೆಟ್ಟಿಲಿನಿಂದ ಪ್ರಾರಂಭಿಸುವುದು ಲೇಸು. ಮೊದಲ ದಿನಗಳಲ್ಲಿ ಎಲ್ಲವನ್ನೂ ನಾವೇ ಮಾಡಿ, ಪಟದ ಮೇಲೆ ಗುರುತು ಹಾಕುವುದನ್ನು ಮಾತ್ರ ಅವನಿಗೆ ಬಿಡಬೇಕು. ಕೆಲಸ ಮುಗಿಸಿದ ಸಂತೋಷ ಅವನದಾಗುತ್ತದೆ. ಅದು ನೆಲೆಗೊಂಡ ಬಳಿಕ ಅದರ ಹಿಂದಿನ ಮೆಟ್ಟಿಲು, ಬಳಿಕ ಅದರ ಹಿಂದಿನದು. ಸಹಾಯದಲ್ಲಿಯೂ ಮೆಟ್ಟಿಲುಗಳುಂಟು: ಕೈ ಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಬೆರಳಿನಿಂದ ಸೂಚಿಸುವುದು, ಮಾತಿನಿಂದ ನೆನಪಿಸುವುದು, ಸುಮ್ಮನೆ ನೋಡುತ್ತ ನಿಲ್ಲುವುದು. ಮೇಲಿನದರಿಂದ ಕೆಳಗಿನದಕ್ಕೆ ಇಳಿಯುತ್ತ ಹೋಗಬೇಕು. ಅವನು ತಡೆದು ಆಲೋಚಿಸುತ್ತಿರುವಾಗ ನಾವು ಕೈ ಹಾಕಬಾರದು. ಸುಮ್ಮನಿರುವುದು ವಾಗ್ಗುಪ್ತಿ, ಅವಸರಪಡದಿರುವುದು ಮನೋಗುಪ್ತಿ. ಒಂದು ಮೆಟ್ಟಿಲಿಗೆ ಒಂದು ತಿಂಗಳು ಹಿಡಿದರೂ ನಷ್ಟವಿಲ್ಲ.

ಎರಡು ವಾರ ಯಾರೂ ನೆನಪಿಸದೆ ತಪ್ಪಿಲ್ಲದೆ ನಡೆದರೆ ಒಂದು ಪರೀಕ್ಷೆ ಮಾಡಬಹುದು. ನಾವು ಪಕ್ಕದಲ್ಲಿಯೇ ಇದ್ದು, ಒಂದು ಹೊತ್ತಿನ ಅಂಕಣವನ್ನು ಬೇಕೆಂದೇ ಖಾಲಿ ಬಿಡುವುದು. ಅವನು ನಾಳೆಯ ಅಂಕಣವನ್ನು ತೆರೆಯಹೊರಟರೆ ಅಭ್ಯಾಸ ಇನ್ನೂ ಸಾಲದು. ಇಲ್ಲಿ ಮಾತ್ರೆಯಿಲ್ಲವೆಂದು ನಮ್ಮ ಬಳಿಗೆ ಬಂದರೆ ಅವನು ಮುಖ್ಯ ಪಾಠವನ್ನು ಕಲಿತಿದ್ದಾನೆ: ಸಂದೇಹ ಬಂದರೆ ನಿಲ್ಲಬೇಕು, ಕೇಳಬೇಕು. ಆ ಹೊತ್ತಿನ ಮಾತ್ರೆಯನ್ನು ಒಡನೆ ಕೊಟ್ಟು ಅವನನ್ನು ಹೊಗಳಬೇಕು.

ಮಾಡಬಾರದ ಕೆಲಸಗಳು

ಮಾತ್ರೆಯನ್ನು ಪೆಪ್ಪರ್‌ಮೆಂಟ್ ಎಂದು ಹೇಳಿ ಕೊಡಬಾರದು. ಹಾಗೆ ನಂಬಿದವನು ಅಜ್ಜನ ರಕ್ತದೊತ್ತಡದ ಮಾತ್ರೆಗಳು ಕೈಗೆ ಸಿಕ್ಕ ದಿನ ಅವನ್ನೂ ತಿಂದಾನು. ಪಾಯಸದಲ್ಲಿಯೋ ಮೊಸರನ್ನದಲ್ಲಿಯೋ ಬಚ್ಚಿಟ್ಟು ತಿನ್ನಿಸುವುದೂ ಸಲ್ಲದು. ಅದು ಮಾಯಾಚಾರ. ಒಮ್ಮೆ ಕಹಿ ತಿಳಿದವನು ಅನ್ನವನ್ನೇ ನಂಬದೆ ಬಿಡುತ್ತಾನೆ. ಅರ್ಧ ತಿಂದು ಬಿಟ್ಟರೆ ಎಷ್ಟು ಔಷಧ ಒಳಗೆ ಹೋಯಿತೆಂಬುದು ನಮಗೂ ತಿಳಿಯದು. ನುಂಗಲು ಕಷ್ಟವಿದ್ದರೆ, ಸೆರೆಬ್ರಲ್ ಪಾಲ್ಸಿಯುಳ್ಳ ಅನೇಕರಿಗೆ ಅದು ಇರುತ್ತದೆ, ವೈದ್ಯರಿಗೆ ತಿಳಿಸಿ ಬೇರೆ ರೂಪದ ಔಷಧವನ್ನು ಪಡೆಯಬೇಕು. ಕೇಳದೆ ಯಾವ ಮಾತ್ರೆಯನ್ನೂ ಪುಡಿ ಮಾಡಬಾರದು.

ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕೈದು ಮಾತ್ರೆಗಳನ್ನು ಕೊಡುವುದುಂಟು. ಆ ತುಂಡಿನಲ್ಲಿ ಔಷಧದ ಹೆಸರಾಗಲಿ ಅವಧಿ ಮುಗಿಯುವ ತಿಂಗಳಾಗಲಿ ಉಳಿಯದು. ನಿತ್ಯದ ಔಷಧವನ್ನು ಇಡೀ ಸ್ಟ್ರಿಪ್ಪಾಗಿ ಕೊಂಡು, ಹೆಸರು ಅವಧಿಗಳು ಅಚ್ಚಾದ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು ಬಳಸಬೇಕು. ಬೇರೆ ತಯಾರಕರ ಮಾತ್ರೆ ಬಂದರೆ ಬಣ್ಣ ಆಕಾರಗಳು ಬದಲಾಗುತ್ತವೆ. ನಮಗೆ ಅದು ಸಣ್ಣ ಸಂಗತಿ. ಬಣ್ಣದಿಂದಲೇ ಗುರುತಿಸುವವನಿಗೆ ಅದು ಬೇರೆಯೇ ಔಷಧ. ಸಾಧ್ಯವಾದಷ್ಟು ಒಂದೇ ತಯಾರಕರದನ್ನು ಕೊಳ್ಳುವುದು ಒಳ್ಳೆಯದು. ಮೂರ್ಛೆಯ ಔಷಧದಲ್ಲಿ ಅದು ಮತ್ತಷ್ಟು ಅವಶ್ಯ. ಬದಲಾಯಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಪಟದ ಚಿತ್ರವನ್ನೂ ಅದೇ ದಿನ ಬದಲಾಯಿಸಿ, ಅವನಿಗೆ ತೋರಿಸಿ ಹೇಳಬೇಕು.

ದ್ರವೌಷಧವನ್ನು ಅಡುಗೆಮನೆಯ ಚಮಚದಿಂದ ಅಳೆಯಬಾರದು. ಸೀಸೆಯೊಡನೆ ಬಂದ ಗುರುತಿನ ಬಟ್ಟಲಿನಿಂದಲೇ ಅಳೆಯಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಮಾತ್ರೆ ಕೊಡಬಾರದು. ತೆಗೆದುಕೊಂಡನೋ ಇಲ್ಲವೋ ಎಂಬ ಸಂದೇಹವಿದ್ದರೆ ಊಹೆಯ ಮೇಲೆ ಮತ್ತೊಮ್ಮೆ ಕೊಡದೆ ವೈದ್ಯರನ್ನು ಕೇಳಬೇಕು. ಅವನೇ ಔಷಧ ಬೇಡವೆಂದರೆ ಗದರಿಸುವ ಮೊದಲು ಕಾರಣವನ್ನು ಹುಡುಕಬೇಕು. ತೂಕಡಿಕೆ, ಹೊಟ್ಟೆಯ ಸಂಕಟ, ಫೆನಿಟಾಯಿನಿನಿಂದ ಒಸಡು ಬೆಳೆಯುವುದು, ಕಾರ್ಬಮಾಜೆಪಿನಿನಿಂದ ಮೈಮೇಲೆ ದದ್ದು ಏಳುವುದು, ಇವನ್ನು ಮಾತಿನಲ್ಲಿ ಹೇಳಲಾರದವನು ಬಾಯಿ ಮುಚ್ಚಿಕೊಂಡು ಹೇಳುತ್ತಿರಬಹುದು. ಹಾಗೆಂದು ಔಷಧವನ್ನು ನಾವಾಗಿ ನಿಲ್ಲಿಸದೆ, ಅದೇ ದಿನ ವೈದ್ಯರಿಗೆ ತಿಳಿಸಬೇಕು.

ನಮ್ಮ ಕೈಯಲ್ಲಿಯೇ ಇರತಕ್ಕವು

ಸ್ವಾವಲಂಬನೆಯೆಂದರೆ ಎಲ್ಲವನ್ನೂ ಅವನ ಕೈಗೆ ಒಪ್ಪಿಸಿಬಿಡುವುದಲ್ಲ. ಔಷಧದ ಮೂಲ ದಾಸ್ತಾನು ಬೀಗದಲ್ಲಿರಲಿ. ಅವನ ಬಳಿ ಒಂದು ವಾರದ್ದೋ, ಮೊದಮೊದಲು ಒಂದು ದಿನದ್ದೋ ಮಾತ್ರ ಇರಲಿ. ಇನ್ಸುಲಿನ್ನಿನ ಪ್ರಮಾಣ ನಿರ್ಣಯ, ಬೇಕಾದಾಗ ಮಾತ್ರ ಕೊಡುವ ಔಷಧಗಳು ಹಿರಿಯರ ಕೈಯಲ್ಲಿರಬೇಕು. ಒಬ್ಬನು ಆರು ಮೆಟ್ಟಿಲುಗಳನ್ನೂ ಕಲಿತಾನು. ಒಬ್ಬಳು ಮೂರನ್ನು ಮಾತ್ರ ಕಲಿತಾಳು. ಮೂರು ಕಲಿತವಳೂ ನಿನ್ನೆಗಿಂತ ಸ್ವತಂತ್ರಳೇ.

ಮೂರ್ಛೆ ಬಂದಾಗ ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬಾರದು. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಪೆಟ್ಟು ಬೀಳುವ ವಸ್ತುಗಳನ್ನು ದೂರ ಸರಿಸಿ, ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ವೈದ್ಯರು ಮೊದಲೇ ಬರೆದುಕೊಟ್ಟ ತುರ್ತು ಔಷಧವಿದ್ದರೆ ಅವರು ಹೇಳಿದಂತೆ ಬಳಸಬೇಕು. ಶ್ರವಣಬೆಳಗೊಳಕ್ಕೋ ಹೊಂಬುಜಕ್ಕೋ ಯಾತ್ರೆ ಹೊರಟಾಗ ಔಷಧವನ್ನು ಎರಡು ಪಾಲು ಮಾಡಿ ಇಬ್ಬರ ಕೈಚೀಲಗಳಲ್ಲಿಡುವುದು, ವೈದ್ಯರ ಚೀಟಿಯ ಪ್ರತಿಯನ್ನು ಅವನ ಜೇಬಿನಲ್ಲಿಡುವುದು ಒಳ್ಳೆಯದು.

ಅವರಿಗೂ ವ್ರತ ಬೇಕೆಂದರೆ

ಮನೆಯವರೆಲ್ಲ ಉಪವಾಸವಿರುವಾಗ ತಾನೂ ಇರುವೆನೆಂದು ಮಗಳು ಹಟ ಹಿಡಿಯುವುದು ಸ್ವಾಭಾವಿಕ. ಆ ಭಾವವನ್ನು ತಳ್ಳಿಹಾಕಬಾರದು. ಬಾಹ್ಯ ತಪಗಳು ಆರಲ್ಲವೇ? ಅನಶನವು ಅವುಗಳಲ್ಲಿ ಒಂದು ಮಾತ್ರ. ವೈದ್ಯರ ಒಪ್ಪಿಗೆಯಿದ್ದರೆ ಒಂದು ತುತ್ತು ಕಡಿಮೆ ಉಣ್ಣುವ ಅವಮೌದರ್ಯ, ಆ ದಿನ ಸಿಹಿಯನ್ನು ಬಿಡುವ ರಸಪರಿತ್ಯಾಗ, ಒಂದು ಗಂಟೆಯ ಮೌನ, ಒಂಬತ್ತು ಬಾರಿ ಣಮೋಕಾರ ಮಂತ್ರ, ದಿನವಿಡೀ ದೂರದರ್ಶನ ನೋಡದಿರುವ ನಿಯಮ, ಇವುಗಳಲ್ಲಿ ಅವಳೇ ಒಂದನ್ನು ಆರಿಸಿಕೊಳ್ಳಲಿ. ಜೊತೆಗೆ ಇನ್ನೊಂದು ನಿಯಮವನ್ನೂ ಕೊಡಬಹುದು: ಈ ಪರ್ವದ ಹತ್ತು ದಿನವೂ ನನ್ನ ಮಾತ್ರೆಯನ್ನು ನಾನೇ ನೋಡಿ, ಎಣಿಸಿ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೇನೆ. ತನ್ನಲ್ಲಿರುವ ಜೀವವನ್ನು ಎಚ್ಚರದಿಂದ ಕಾಯುವುದೂ ಅಹಿಂಸೆಯೇ. ಇಂಥ ನಿಯಮವನ್ನು ಕೈಕೊಂಡವಳನ್ನು ಪಾರಣೆಯ ದಿನ ಉಪವಾಸ ಮಾಡಿದವರ ಸಾಲಿನಲ್ಲಿಯೇ ಕೂರಿಸಬೇಕು.

ನಮ್ಮ ನಂತರ

ಪ್ರತಿಯೊಂದು ತಾಯಿತಂದೆಯ ಎದೆಯೊಳಗಿನ ಪ್ರಶ್ನೆ ಇದೊಂದೇ: ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು? ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ೧೮ ವರ್ಷ ಮೀರಿದವರಿಗೆ ಪಾಲಕರನ್ನು ನೇಮಿಸಿಕೊಳ್ಳಬಹುದು. ೨೦೧೬ರ ಅಧಿನಿಯಮವು ಸೀಮಿತ ಪಾಲಕತ್ವವನ್ನು ಹೇಳುವಾಗ, ಪಾಲಕನು ಆ ವ್ಯಕ್ತಿಯ ಇಚ್ಛೆಯನ್ನು ಕೇಳಿ ಅವನೊಡನೆ ಕೂಡಿ ನಿರ್ಣಯಿಸಬೇಕೆಂದು ವಿಧಿಸಿದೆ. ಕಾನೂನಿನ ಈ ವ್ಯವಸ್ಥೆಗಳನ್ನು ಕಾಲದಲ್ಲಿ ಮಾಡಿಕೊಳ್ಳತಕ್ಕದ್ದೇ. ಆದರೆ ಪಾಲಕನು ಅಣ್ಣನಾಗಲಿ ಅತ್ತಿಗೆಯಾಗಲಿ ಆಶ್ರಮದ ಸೇವಕನಾಗಲಿ, ತನ್ನ ಮಾತ್ರೆ ಯಾವುದೆಂದು ಬಲ್ಲ ಮನುಷ್ಯನು ಅವರ ಕೈಯಲ್ಲಿ ಹೆಚ್ಚು ಸುರಕ್ಷಿತ. ತಪ್ಪು ಮಾತ್ರೆ ಬಂದ ದಿನ, ಇದು ನನ್ನದಲ್ಲ ಎಂದು ತಲೆಯಾಡಿಸುವ ಶಕ್ತಿಯೇ ಅವನ ಪಾಲಿನ ಅಭಯ. ಆ ಅಭಯವನ್ನು ಕೊಡಲು ಧನ ಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಹೊತ್ತು, ಒಂದು ಹಾಳೆ, ಒಂದು ಡಬ್ಬಿ, ಕೋಪಗೊಳ್ಳದ ಮನಸ್ಸು ಇವಿಷ್ಟು ಸಾಕು. ಬರುವ ಅಷ್ಟಮಿಯಿಂದಲೇ ಮೊದಲ ಮೆಟ್ಟಿಲನ್ನು ಪ್ರಾರಂಭಿಸಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಆಲೋಕಿತಪಾನಭೋಜನ, ಆದಾನನಿಕ್ಷೇಪಣಸಮಿತಿ ಇವು ಔಷಧಸೇವನೆಗೆ ಹೇಗೆ ಅನ್ವಯಿಸುತ್ತವೆ?
೨. ಉಪವಾಸದ ದಿನ ಅನ್ನಪ��ನನಿರೋಧದ ದೋಷ ಬಾರದಂತೆ ಮನೆಯಲ್ಲಿ ಯಾವ ವ್ಯವಸ್ಥೆ ಮಾಡತಕ್ಕದ್ದು?
೩. ಮಾತ್ರೆಯನ್ನು ಪಾಯಸದಲ್ಲಿ ಬಚ್ಚಿಟ್ಟು ಕೊಡುವುದರಿಂದಾಗುವ ಎರಡು ಹಾನಿಗಳನ್ನು ಹೇಳಿರಿ.
೪. ಖಾಲಿ ಅಂಕಣದ ಪರೀಕ್ಷೆಯಿಂದ ಏನನ್ನು ತಿಳಿಯುತ್ತೇವೆ?
೫. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಒಬ್ಬರನ್ನು ನೆನೆದು, ಅವರು ಇಂದೇ ಕಲಿಯಬಲ್ಲ ಒಂದು ಮೆಟ್ಟಿಲನ್ನು ಬರೆಯಿರಿ.